ಏನು ಕಲಿಯಬೇಕು ಅಂತ ಕೇಳಿದ ಕಾಲೇಜು

2006ರಲ್ಲಿ ಬಂದ ‘ಆಕ್ಸೆಪ್ಟೆಡ್’ ಸಿನಿಮಾವನ್ನು ಕಾಲೇಜು ಹುಡುಗರ ಕಾಮಿಡಿ ಅಂತ ಪಕ್ಕಕ್ಕಿಡುವವರೇ ಜಾಸ್ತಿ. ನನಗೆ ಅದು ತುಂಬಾ ಇಷ್ಟ. ನಿರ್ದೇಶನ ಸ್ಟೀವ್ ಪಿಂಕ್ ಅವರದು.

ಕಥೆ ನಡೆಯುವುದು ಅಮೆರಿಕದ ಒಹಾಯೊದಲ್ಲಿ. ಬಾರ್ಟಲ್‌ಬಿ (ಜಸ್ಟಿನ್ ಲಾಂಗ್) ಅರ್ಜಿ ಹಾಕಿದ ಒಂದು ಕಾಲೇಜಲ್ಲೂ ಸೀಟು ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ಹೇಳಲಾಗದೆ, ಇಲ್ಲದ ಕಾಲೇಜೊಂದರ ಹೆಸರಲ್ಲಿ ತಾನೇ ಪ್ರವೇಶ ಪತ್ರ ಬರೆದುಕೊಳ್ಳುತ್ತಾನೆ, ಆಮೇಲೆ ಅದನ್ನು ನಿಜ ಅಂತ ತೋರಿಸಲು ಗೆಳೆಯರ ಜೊತೆ ಸೇರಿ ಪಾಳುಬಿದ್ದ ಮಾನಸಿಕ ಆಸ್ಪತ್ರೆಗೆ ಬಣ್ಣ ಬಳಿದು ಕಾಲೇಜು ಮಾಡುತ್ತಾನೆ. ಗೆಳೆಯ ಶರ್ಮನ್ (ಜೋನಾ ಹಿಲ್) ಮಾಡಿಕೊಟ್ಟ ವೆಬ್‌ಸೈಟಿನಲ್ಲಿ ಕ್ಲಿಕ್ ಮಾಡಿದವರಿಗೆಲ್ಲ ಸೀಟು! ನೋಡಿದರೆ ನೂರಾರು ಮಕ್ಕಳು ಗಂಟುಮೂಟೆ ಸಮೇತ ಬಾಗಿಲಿಗೆ ಬಂದು ನಿಂತಿದ್ದಾರೆ. ಎಲ್ಲರೂ ಬೇರೆ ಕಡೆ ಬೇಡ ಅನ್ನಿಸಿಕೊಂಡವರೇ. ವಾಪಸ್ ಕಳಿಸಲು ಅವನಿಗೆ ಮನಸ್ಸು ಬರುವುದಿಲ್ಲ.

ಪಾಠ ಏನು ಮಾಡುವುದು? ಅವನು ಮಕ್ಕಳನ್ನೇ ಕೇಳುತ್ತಾನೆ, ನಿಮಗೆ ಏನು ಕಲಿಯಬೇಕು ಅಂತ. ಒಬ್ಬೊಬ್ಬರೇ ಬಂದು ದೊಡ್ಡ ಬೋರ್ಡಿನ ಮೇಲೆ ಬರೆಯುತ್ತಾರೆ. ಅಡುಗೆ, ಸ್ಕೇಟ್‌ಬೋರ್ಡಿಂಗ್, ಸುಮ್ನೆ ಓಡಾಡುತ್ತಾ ಯೋಚನೆ ಮಾಡುವುದು ಕೂಡ ಒಂದು ವಿಷಯ. ನಗು ಬರುತ್ತದೆ ನಿಜ, ಆದರೆ ಆ ಮಕ್ಕಳ ಮುಖ ನೋಡಿ, ಮೊದಲ ಸಲ ಯಾರೋ ತಮ್ಮನ್ನು ಕೇಳಿದರು ಅನ್ನುವ ಖುಷಿ ಅಲ್ಲಿದೆ. ಪಿಯುಸಿ ಮುಗಿಸಿದವರನ್ನು ನಾವು ಕೇಳುವುದು ರ್‍ಯಾಂಕ್ ಎಷ್ಟು, ಯಾವ ಬ್ರಾಂಚ್ ಸಿಗುತ್ತದೆ ಅಂತ ಅಷ್ಟೇ, ಅಲ್ವಾ?

ಅತ್ತ ಶರ್ಮನ್‌ಗೆ ಹೆಸರಾಂತ ಹಾರ್ಮನ್ ಕಾಲೇಜಲ್ಲಿ ಸೀಟು ಸಿಕ್ಕಿದೆ, ಆದರೆ ಸೀನಿಯರ್‌ಗಳ ಕೈಲಿ ಅವನು ಪಡುವ ಪಾಡು ನೋಡಲಾಗದು. ಎರಡು ಕಾಲೇಜುಗಳನ್ನು ಹೀಗೆ ಎದುರುಬದುರು ಇಟ್ಟಿರುವುದು ನನಗೆ ಹಿಡಿಸಿತು. ಪಾರ್ಟಿ ದೃಶ್ಯಗಳು ಮಾತ್ರ ಉದ್ದವಾದವು. ಹಾರ್ಮನ್‌ನ ಡೀನ್ ಪಾತ್ರದಲ್ಲೂ ಕೆಟ್ಟತನ ಬಿಟ್ಟು ಬೇರೇನಿಲ್ಲ.

ಫೀಸು ಕಟ್ಟಿಸಿಕೊಂಡು ನಕಲಿ ಕಾಲೇಜು ನಡೆಸುವುದು ಮೋಸ ಅಲ್ವಾ ಅಂತ ಕೇಳಬಹುದು. ಮೋಸವೇ. ಸಿನಿಮಾ ಅದನ್ನು ಮುಚ್ಚಿಡುವುದಿಲ್ಲ. ಗುಟ್ಟು ಬಯಲಾಗುತ್ತದೆ, ಬಾಗಿಲು ಮುಚ್ಚುತ್ತದೆ, ಕೊನೆಗೆ ಮಾನ್ಯತೆ ಕೊಡುವ ಮಂಡಳಿಯ ಎದುರು ಬಾರ್ಟಲ್‌ಬಿ ನಿಂತು ಮಾತಾಡಬೇಕಾಗುತ್ತದೆ. ಅವರು ಕೊಡುವುದು ಒಂದು ವರ್ಷದ ತಾತ್ಕಾಲಿಕ ಮಾನ್ಯತೆ ಮಾತ್ರ. ಇದು ಸರಿಯಾದ ತೀರ್ಪು ಅಂತ ನನಗನ್ನಿಸಿತು, ಮಕ್ಕಳು ನಿಜವಾಗಿ ಕಲಿಯುತ್ತಾರಾ ಅಂತ ನೋಡಲು ಅಷ್ಟು ಸಮಯವಾದರೂ ಬೇಕು.