ಮೋಸೆಲ್ ಕಣಿವೆಯ ಕಡಿದಾದ ತೋಟದಲ್ಲಿ ಎರಡು ದಿನ

ನೆಟ್ಟಗೆ ನಿಂತರೆ ಮೇಲಿನ ಸಾಲಿನ ದ್ರಾಕ್ಷಿಬಳ್ಳಿಯ ಬುಡ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಷ್ಟು ಕಡಿದು ಆ ಗುಡ್ಡ. ಕಾಲಿಟ್ಟಲ್ಲೆಲ್ಲ ಕಪ್ಪು ಸ್ಲೇಟ್ ಕಲ್ಲಿನ ಚಕ್ಕೆಗಳು ಸರಸರ ಜಾರುತ್ತಿದ್ದವು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಬಳ್ಳಿಗೆ ಆಸರೆ ಕೊಟ್ಟ ಮರದ ಗೂಟ. ಗೂಟ ಬಿಟ್ಟರೆ ಗೊಂಚಲಿನ ಜೊತೆ ನಾನೂ ಕೆಳಗೆ. ಅಲ್ಲಿ, ತೋಟದ ಬುಡದಲ್ಲೇ, ಮೋಸೆಲ್ ನದಿ ಮಂಜಿನ ನಡುವೆ ಮೆಲ್ಲಗೆ ತಿರುಗಿಕೊಂಡು ಹೋಗುತ್ತಿತ್ತು.

ಜರ್ಮನಿಯ ಬರ್ನ್‌ಕಾಸ್ಟೆಲ್ ಹತ್ತಿರದ ಒಂದು ಹಳ್ಳಿಯಲ್ಲಿ, ತಲೆಮಾರುಗಳಿಂದ ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡುವ ಕುಟುಂಬದ ಮನೆಗೆ ಅಕ್ಟೋಬರ್‌ನಲ್ಲಿ ಹೋಗಿದ್ದೆ. ಕೋಬ್ಲೆಂಜ್‌ನಿಂದ ರೈಲು, ಆಮೇಲೆ ಬಸ್ಸು. ಯಜಮಾನ, ಅವರ ಹೆಂಡತಿ, ಎಂಬತ್ತು ದಾಟಿದ ತಾಯಿ, ವೈನ್ ತಯಾರಿಕೆ ಓದಿಕೊಂಡು ಮನೆಗೆ ಮರಳಿದ ಮಗಳು: ಈ ನಾಲ್ವರದೇ ತೋಟ, ನೆಲಮಾಳಿಗೆ, ಲೆಕ್ಕಪತ್ರ ಎಲ್ಲ. ಕೊಯ್ಲಿನ ವಾರಗಳಲ್ಲಿ ಮಾತ್ರ ಹೊರಗಿನವರು ಬರುತ್ತಾರೆ.

ಭೂಪಟದಲ್ಲಿ ಈ ಜಾಗ 50 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಇಷ್ಟು ಚಳಿಯಲ್ಲಿ ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಮಗಳು ಬಾಯಲ್ಲಿ ಉತ್ತರ ಕೊಡಲಿಲ್ಲ. ಬಿಸಿಲಿಗೆ ಬಿದ್ದಿದ್ದ ಒಂದು ಚಕ್ಕೆ ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಬೆಚ್ಚಗಿತ್ತು. ಹಗಲಿಡೀ ಕಾದ ಕಪ್ಪು ಕಲ್ಲು ಕತ್ತಲಾದ ಮೇಲೆ ಆ ಶಾಖವನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಾದ್ದರಿಂದ, ಕೆಳಗೇ ಉಳಿಯುವ ಶರತ್ಕಾಲದ ಸೂರ್ಯನ ಕಿರಣವೂ ನೆಟ್ಟಗೆ ಬೀಳುತ್ತದೆ. ಗುಡ್ಡ ಸಮತಟ್ಟಾಗಿದ್ದರೆ ಇಲ್ಲಿ ಈ ಹಣ್ಣು ಹೀಗೆ ಮಾಗುತ್ತಿರಲಿಲ್ಲ. ಕೈಕಾಲು ಸೋಲಿಸುವ ಆ ಕಡಿದೇ ಇವರ ಆಸ್ತಿ.

ಬೆಳೆ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ತಳಿ. ತಡವಾಗಿ ಚಿಗುರುವುದರಿಂದ ವಸಂತದ ಹಿಮದಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ನಿಧಾನವಾಗಿ ಹಣ್ಣಾಗುತ್ತದೆ, ತಂಪು ರಾತ್ರಿಗಳು ಅದರ ಹುಳಿಯನ್ನು ಕಾಪಾಡುತ್ತವೆ. 1787ರಲ್ಲಿ ಟ್ರಿಯರ್‌ನ ಆಡಳಿತಗಾರ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್ ಕಳಪೆ ತಳಿಗಳನ್ನು ಕಿತ್ತು ಒಳ್ಳೆಯ ಬಳ್ಳಿ ನೆಡಬೇಕೆಂದು ಆಜ್ಞೆ ಹೊರಡಿಸಿದ್ದ. ಕಣಿವೆಯಲ್ಲಿ ರೀಸ್ಲಿಂಗ್ ಹರಡಲು ಅದು ದೊಡ್ಡ ಕಾರಣವಾಯಿತು.

ಕೊಯ್ಲಿನ ನಡುವೆ ಯಜಮಾನರು ಒಂದು ಹಣ್ಣು ಹಿಂಡಿ, ಸಣ್ಣ ದೂರದರ್ಶಕದಂತಿದ್ದ ಉಪಕರಣದ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು. ಇಲ್ಲಿ ಸಿಹಿಯನ್ನು ಅಳೆಯುವುದು ಎಕ್ಸ್ಲೆ ಡಿಗ್ರಿಯಲ್ಲಿ. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೋ ಅಷ್ಟು ಡಿಗ್ರಿ. ನೋಡಿದ ಮೇಲೆ ಅವರು ಮಾತಾಡದೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಅಗಿದರು. ಕೊಯ್ಯುವ ದಿನವನ್ನು ಕೊನೆಗೆ ನಿರ್ಧರಿಸಿದ್ದು ಆ ಬೀಜದ ಒಗರು.

ತುಂಬಿದ ಬುಟ್ಟಿಗಳನ್ನು ಒಂಟಿ ಕಂಬಿಯ ಮೇಲೆ ಹತ್ತಿಳಿಯುವ ಪುಟ್ಟ ಗಾಡಿ ಒಯ್ಯುತ್ತದೆ. ಅದು ಬರುವ ಮೊದಲು ಎಲ್ಲವೂ ಬೆನ್ನ ಮೇಲೆಯೇ. ಮಳೆಗೆ ಕೊಚ್ಚಿ ಬಂದ ಮಣ್ಣು, ಕಲ್ಲುಗಳನ್ನೂ ಚಳಿಗಾಲದಲ್ಲಿ ಬೆನ್ನಬುಟ್ಟಿಯಲ್ಲಿ ಮತ್ತೆ ಮೇಲಕ್ಕೆ ಹೊರುತ್ತಿದ್ದುದನ್ನು ಅಜ್ಜಿ ಕೂತಲ್ಲೇ ಭುಜ ಬಾಗಿಸಿ ತೋರಿಸಿದರು. ಎದುರು ದಂಡೆಯಲ್ಲಿ ಕಲ್ಲುಗೋಡೆ ಕುಸಿದು ಮುಳ್ಳುಪೊದೆ ಬೆಳೆದ ತುಂಡುಗಳೂ ಕಂಡವು. ದುಡಿಯುವವರಿಲ್ಲದೆ ಬಿಟ್ಟ ತೋಟಗಳು. ನನಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಬಳ್ಳಿ ಕಿತ್ತುಹಾಕುವುದಕ್ಕೆ ಒಂದು ಚಳಿಗಾಲ ಸಾಕು; ಆ ಗೋಡೆಗಳನ್ನು ಕಟ್ಟಲು ಎಷ್ಟು ಜನರ ಬೆನ್ನು ಸವೆದಿತ್ತೋ.

ಸಂಜೆ ನೆಲಮಾಳಿಗೆಗೆ ಇಳಿದೆವು. ಹಳೆಯ ಓಕ್ ಮರದ ಪೀಪಾಯಿಗಳು; ಅವನ್ನು ಇಲ್ಲಿ ಫೂಡರ್ ಎನ್ನುತ್ತಾರೆ, ಒಂದೊಂದಕ್ಕೂ ಸುಮಾರು 1000 ಲೀಟರ್ ಹಿಡಿಯುತ್ತದೆ. ಮಗಳು ನನ್ನ ಕಿವಿಯನ್ನು ಒಂದು ಪೀಪಾಯಿಗೆ ಆನಿಸಲು ಹೇಳಿದಳು. ಒಳಗೆ ಗುಳುಗುಳು, ಮಳೆ ಸುರಿದು ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹಾಗೆ. ಈ ತಂಪಿನಲ್ಲಿ ರಸ ಹುದುಗುವುದು ವಾರಗಟ್ಟಲೆ. ಇವರ ಕಾಬಿನೆಟ್ ಎಂಬ ಹಗುರ ವೈನಿಗೆ, ಸ್ವಲ್ಪ ಸಿಹಿ ಉಳಿದಿರುವಾಗಲೇ ಹುದುಗುವುದನ್ನು ನಿಲ್ಲಿಸುತ್ತಾರೆ. ಮದ್ಯಾಂಶ 8 ಪ್ರತಿಶತದ ಸುತ್ತಮುತ್ತ. ಅವರು ಕೊಟ್ಟ ಲೋಟದಲ್ಲಿ ಮೊದಲು ಸಿಹಿ, ಹಿಂದೆಯೇ ಹಸಿರು ಸೇಬು ಕಚ್ಚಿದ ಹುಳಿ, ಕೊನೆಗೆ ಒದ್ದೆ ಕಲ್ಲಿನ ವಾಸನೆ. ಆ ಹುಳಿಯಿಲ್ಲದಿದ್ದರೆ ಅದು ಬರೀ ಸಿಹಿನೀರು. ಚಳಿಯ ನಾಡಿನ ವೈನ್ ನನಗೆ ಇಷ್ಟವಾದದ್ದು ಅಲ್ಲೇ.

ಊಟಕ್ಕೆ ಈರುಳ್ಳಿಯ ಕಡುಬಿನಂಥ ಬಿಸಿ ಟಾರ್ಟ್, ಜೊತೆಗೆ ಇನ್ನೂ ಹುದುಗುತ್ತಲೇ ಇರುವ ಮಸುಕು ಬಿಳಿಯ ಫೆಡರ್‌ವೈಸರ್. ಅದರ ಬಾಟಲಿಯ ಮುಚ್ಚಳ ಬಿಗಿಯುವಂತಿಲ್ಲ, ಒಳಗಿನ ಗಾಳಿಗೆ ಒಡೆದೀತು. ಅಜ್ಜಿ ಬಾಟಲಿಯನ್ನು ಮಗುವಿನ ಹಾಗೆ ನೆಟ್ಟಗೆ ಹಿಡಿದು ತಂದರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಗುಡ್ಡವೇ ಕಾಣದಷ್ಟು ಮಂಜು. ಮೇಲೆಲ್ಲೋ ಒಂಟಿ ಕಂಬಿಯ ಗಾಡಿ ಕಟಕಟ ಎನ್ನುತ್ತ ಹತ್ತುತ್ತಿತ್ತು. ಅದರ ಜೊತೆಗೇ ಮಗಳು ಯಾರನ್ನೋ ಕೂಗಿ ಕರೆದ ದನಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಮೇಲಿನಿಂದ ತಂದೆಯ ಉತ್ತರ.