ಕಡಲ ಕಡೆಯ ಕೋಣೆಯಲ್ಲಿ ಅವ್ವ

ಎಪ್ಪತ್ತು ದಾಟಿದ ಅವ್ವನಿಗೆ ಸಮುದ್ರ ತೋರಿಸಬೇಕೆಂದು ಕಳೆದ ಡಿಸೆಂಬರ್‌ನಲ್ಲಿ ಉತ್ತರ ಗೋವಾದ ಐಷಾರಾಮಿ ರೆಸಾರ್ಟ್ ಒಂದರಲ್ಲಿ ಎರಡು ರಾತ್ರಿಗೆ ಕೋಣೆ ಕಾಯ್ದಿರಿಸಿದೆ. ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಶೇ 18ರಷ್ಟು ಜಿಎಸ್‌ಟಿ ಬೀಳುವುದರಿಂದ ಖರ್ಚು ನನ್ನ ಅಳತೆಯನ್ನು ದಾಟಿತು. ಆದರೆ ಮಂಡಿನೋವಿನ ಅವ್ವ ಮರಳಲ್ಲಿ ನಡೆಯುವುದು ಆಗದ ಮಾತಾದ್ದರಿಂದ, ಕುಳಿತಲ್ಲಿಂದಲೇ ಕಡಲು ಕಾಣುವ ಕೋಣೆಯೇ ಬೇಕಿತ್ತು.

ಬಾಗಲಕೋಟೆಯ ನವನಗರದಿಂದ ನಸುಕಿನಲ್ಲಿ ಹೊರಟು, ಲೋಕಾಪುರ, ಯರಗಟ್ಟಿ, ಬೆಳಗಾವಿ ದಾಟಿ ಜಾಂಬೋಟಿಯ ಮೇಲೆ ಚೋರ್ಲಾ ಘಾಟಿನತ್ತ ಹೊರಳಿದೆವು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ ಎಂದಾಗ ಅವ್ವ ಕಾರು ನಿಲ್ಲಿಸಿ ಕೈಮುಗಿದಳು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಆ ನೀರು ಪೂರ್ವದ ಕಡಲಿಗೆ ಹೋದರೆ, ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು, ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ.

ರೆಸಾರ್ಟಿನ ಕೋಕಂ ಶರಬತ್ತು, ಈಜುಕೊಳ, ಮೆತ್ತನೆಯ ಹಾಸಿಗೆ ಎಲ್ಲವೂ ಸೊಗಸಾಗಿಯೇ ಇದ್ದವು. ಅವ್ವ ಮಾತ್ರ ಬಾಲ್ಕನಿಯ ಬೆತ್ತದ ಕುರ್ಚಿ ಬಿಟ್ಟು ಏಳಲಿಲ್ಲ. ದಂಡೆಯ ಸಮೀಪದಲ್ಲಿ ಎಮ್ಮೆಯ ಬೆನ್ನಿನಂಥ ಕರಿಕಲ್ಲೊಂದಿತ್ತು. ಸಂಜೆ ಐದೂ ಕಾಲಿಗೆ ಅದು ಪೂರ್ತಿ ಮುಳುಗಿದ್ದನ್ನು ಕಂಡು ಅವಳು ಕೇಳಿದಳು: “ಇಲ್ಲಿ ಗೇಟ್ ಯಾರ ಇಳಸ್ತಾರೋ ತಮ್ಮಾ?”

ಆ ಪ್ರಶ್ನೆಗೆ ನನ್ನ ಗಂಟಲು ಕಟ್ಟಿತು. ನಮ್ಮ ಹೊಲ, ಮನೆ ಎರಡೂ ಆಲಮಟ್ಟಿಯ ಹಿನ್ನೀರಿನಲ್ಲಿ ಹೋದವು. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿದಾಗ ಅಲ್ಲಿ ಬರೀ ನೀರು. ಬೇಸಿಗೆಯಲ್ಲಿ ಇಳಿದಾಗ ಅವ್ವ ಹೋಗಿ, ಬದುವಿನ ಗುರುತು ಹುಡುಕಿ, ಅಲ್ಲಿಯ ಒಂದು ಹಿಡಿ ಎರಿಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ. ನೀರು ಏರುವುದೆಂದರೆ ಅವಳಿಗೆ ಯಾರೋ ಎಲ್ಲೋ ಗೇಟು ಇಳಿಸುವುದೆಂದೇ ಅರ್ಥ. ಚಂದ್ರ, ಸೂರ್ಯರ ಸೆಳೆತದಿಂದ ಕಡಲು ಉಬ್ಬುತ್ತದೆ, ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ ಎಂದು ವಿವರಿಸಿದೆ. ಅವಳು ಮರುಮಾತಾಡದೆ ಕಲ್ಲನ್ನೇ ನೋಡುತ್ತಿದ್ದಳು.

ಮರುದಿನ ಕೋಣೆ ಸ್ವಚ್ಛಗೊಳಿಸಲು ಬಂದ ಹೆಣ್ಣುಮಗಳು ನಮ್ಮ ಮಾತು ಕೇಳಿ ಬಾಗಿಲಲ್ಲೇ ನಿಂತಳು. “ಯಾವೂರ್ರಿ ಯವ್ವಾ? ನಮ್ದು ಮುದ್ದೇಬಿಹಾಳ್ರಿ.” ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ, ಪಕ್ಕದ ಕುರ್ಚಿ ತೋರಿಸಿದಳು. “ಕುಂಡ್ರಾಕ ಬಿಡಂಗಿಲ್ರಿ, ಯಾರರೆ ನೋಡ್ಯಾರು,” ಎಂದು ಅವಳು ನಿಂತುಕೊಂಡೇ ರೊಟ್ಟಿ ಮುರಿದಳು. ನಾಲ್ಕು ವರ್ಷದಿಂದ ಇವೇ ಕೋಣೆಗಳನ್ನು ಒರೆಸುತ್ತಿದ್ದರೂ ಆ ಕುರ್ಚಿಯಲ್ಲಿ ಒಮ್ಮೆಯೂ ಕುಳಿತಿಲ್ಲವಂತೆ. ಅತಿಥಿಗಳಿಗೆ ಇಷ್ಟು ಸುಖ ಒದಗಿಸುವ ಜಾಗದಲ್ಲಿ, ದುಡಿಯುವವರಿಗೆ ಐದು ನಿಮಿಷ ಕೂರುವ ಅವಕಾಶ ಇರಲೇಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆ ಸಂಜೆ ಕಲ್ಲು ಮುಳುಗಿದಾಗ ಅವ್ವ ನನ್ನನ್ನು ಕರೆದು ಗಡಿಯಾರ ನೋಡಿಸಿದಳು. ಆರು ಗಂಟೆ ದಾಟಿ ಐದು ನಿಮಿಷವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಹೊರಡುವಾಗ ಆ ಹೆಣ್ಣುಮಗಳು ಅವ್ವನ ಕಾಲು ಮುಟ್ಟಲು ಬಂದಳು. ಉಳಿದ ರೊಟ್ಟಿಯ ಗಂಟನ್ನು ಅವಳ ಕೈಗಿಡುತ್ತ ಅವ್ವ ಹೇಳಿದಳು: “ಆ ಕಲ್ಲ ನೋಡ ತಂಗಿ, ದಿನಾ ಮುಕ್ಕಾಲ ತಾಸಿಗಿಂತ ಚೂರ ಹೆಚ್ಚ ತಡಾ ಮಾಡಿ ಮುಳಗತೈತಿ. ಇವತ್ತ ಏಳರ ಸುಮಾರಿಗೆ, ನಿನ್ನ ಕೆಲಸ ಮುಗದಿದ್ರ ನೋಡ.”