ಟೆಕ್ಸಾಸಿನ ಎರಿ ಮಣ್ಣು

ನವಲಗುಂದದಿಂದ ಬಂದ ಅಪ್ಪನಿಗೆ ಮೂರೇ ವಾರದಲ್ಲಿ ಆಸ್ಟಿನ್‌ನ ಮಾಲುಗಳು ಸಾಕಾಗಿದ್ದವು. ಅದಕ್ಕೇ ಭಾನುವಾರ ಪಯೋನಿಯರ್ ಫಾರ್ಮ್ಸ್‌ಗೆ ಕರೆದೊಯ್ದೆ. ಟೆಕ್ಸಾಸಿಗೆ ಬಂದು ನೆಲೆಯೂರಿದವರ ಬದುಕನ್ನು ಬೇಸಾಯ, ದನಕರು ಸಮೇತ ತೋರಿಸುವ ಜಾಗ. ಟೊಂಕಾವಾ ಎಂಬ ಮೂಲನಿವಾಸಿಗಳ 1841ರ ಬಿಡಾರ, 1868ರ ಜರ್ಮನ್ ವಲಸಿಗರ ತೋಟ, 1887ರ ಹತ್ತಿ ಬೆಳೆಗಾರನ ಮನೆ, ಹೀಗೆ ಒಂದೊಂದಕ್ಕೂ ಒಂದೊಂದು ಇಸವಿ. ಹಳೇ ಕಾಲದ ಬಟ್ಟೆ ತೊಟ್ಟು ಎದುರಾಗುವವರು ಹೆಚ್ಚಿನವರು ಸ್ವಯಂಸೇವಕರು.

ಹಿಂದಿನ ದಿನ ಮಳೆಯಾಗಿತ್ತು. ಹತ್ತು ಹೆಜ್ಜೆಗೇ ಅಪ್ಪನ ಹೊಸ ಬೂಟು ಮಣ್ಣು ಮೆತ್ತಿ ಎರಡರಷ್ಟಾಯಿತು. ನಾನು ಟಿಶ್ಯೂ ಹುಡುಕುತ್ತಿದ್ದರೆ ಅವರು ಕುಕ್ಕರಗಾಲಲ್ಲಿ ಕೂತು, ಒಂದು ಚೂರು ಕಿತ್ತು ಬೆರಳಲ್ಲಿ ತಿಕ್ಕಿ, "ಅಲೆಲೆ, ಇದು ನಮ್ಮ ಎರೀನ ಐತಲ್ಲೋ!" ಅಂದರು. ಇಲ್ಲಿಯವರು ಬ್ಲ್ಯಾಕ್‌ಲ್ಯಾಂಡ್ ಅನ್ನುವುದು ಈ ಅಂಟು ಕಪ್ಪು ಮಣ್ಣನ್ನೇ.

ಕಂಬಾರನ ತಿದಿ ಹತ್ತಿರ ಬಹಳ ಹೊತ್ತು ನಿಂತರು. "ಇವಗ ಪಗಾರ ಎಷ್ಟ, ಕೇಳು."

"ಪಗಾರ ಇಲ್ಲಪ್ಪಾ. ಹವ್ಯಾಸ."

"ಇಂಥಾ ಬಿಸಲಾಗ, ಬಿಟ್ಟಿ?" ನಂಬಲೇ ಇಲ್ಲ. ನನ್ನನ್ನು ಹೊಲದಿಂದ ಬಿಡಿಸಿ ಇಂಜಿನಿಯರ್ ಮಾಡಲು ಎತ್ತು ಮಾರಿದ ಮನುಷ್ಯ.

ಹತ್ತಿಯ ಮನೆಯಲ್ಲಿ ಉದ್ದ ಲಂಗದ ಅಜ್ಜಿಯೊಬ್ಬರು ನನ್ನ ಕೈಗೆ ಹತ್ತಿ ಕೊಟ್ಟು ಬೀಜ ತೆಗೆ ಅಂದರು. ಹತ್ತಿಯ ಎಳೆಗಳು ಬೀಜಕ್ಕೆ ಕಚ್ಚಿಕೊಂಡಿರುತ್ತವೆ, ಎಳೆದಷ್ಟೂ ಹರಿಯುತ್ತವೆ. ನನಗೆ ಒಂದು ಬರುವಷ್ಟರಲ್ಲಿ ಅಪ್ಪ ನಾಲ್ಕು ಬಿಡಿಸಿ ಅಂಗೈಯಲ್ಲಿ ಸಾಲಾಗಿ ಇಟ್ಟಿದ್ದರು. ಅಜ್ಜಿ ಕಣ್ಣರಳಿಸಿದರು. ಆಗ ನಾನು ಕಂಪನಿ ಸರ್ಕಾರದ ಕಥೆ ಹೇಳಿದೆ: 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಇಂಡಿಯಾಕ್ಕೆ ಕರೆಸಿದ್ದು, ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರಿ ಹೊಲ ಸೇರಿದ್ದು, 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಅಲ್ಲಿ ಹತ್ತಿ ದರ ಏರಿದ್ದು. "ಹಾಗಾದರೆ ನಾವು ನೆಂಟರು" ಅಂದರು ಅಜ್ಜಿ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರೆ ಅಪ್ಪ ನಕ್ಕರು, ಆಮೇಲೆ ಕೇಳಿದರು, "ಬಿಡಿಸಾಕ ಆಳು ಯಾರಿದ್ರು?"

1865ರ ಜೂನ್ 19ರಂದು ಟೆಕ್ಸಾಸಿನಲ್ಲಿ ಬಿಡುಗಡೆಯ ಆಜ್ಞೆ ಓದುವವರೆಗೂ ಗುಲಾಮರು ಅಂದೆ. ಆಮೇಲೆ ಎಷ್ಟೋ ಜನ ಅದೇ ಧಣಿಗಳ ಹೊಲವನ್ನೇ ಪಾಲಿಗೆ ಮಾಡಿದರು.

"ಪಾಲಿಗಿ ಮಾಡಿದ್ರ ಸಾಲ ಹರೀತಾವೇನ?" ಅಂದವರು ಬೀಜಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದರು.

ಕಾರು ಹತ್ತುವಾಗ ನಾನು ಬೂಟು ಒರೆಸಲು ಹೋದರೆ ಬಿಡಲಿಲ್ಲ. "ಹಸೀದು ತಿಕ್ಕಬ್ಯಾಡೋ, ಮತ್ತಷ್ಟು ಮೆತ್ತತೈತಿ. ಒಣಗಲಿ, ತಾನ ಉದರತೈತಿ." ಬೂಟು ಇನ್ನೂ ಬಾಲ್ಕನಿಯಲ್ಲಿದೆ.